ಮೌಶಿಯ ಅರ್ಜಿ, ಮತ್ತ ‘ಪ್ಲೀಸ್’ ಅನ್ನೂ ಶಬ್ದದ ಹಿಂದಿನ ಕಥಿ

ಹೋದ ವಾರ ಗಿರಣಿಯಿಂದ ಬರಬೇಕಾದ್ರ ಹಿಟ್ಟಿನ ಡಬ್ಬಿ ಹಿಡಕೊಂಡ ಮೌಶಿ ಮನಿಗೆ ಹೋದೆ. ನಿಮಗೆಲ್ಲಾ ಗೊತ್ತದ, ಕಾಕಾ ಹೋಗಿ ಆರು ತಿಂಗಳಾತು. ಅವರ ಪೆನ್ಶನ್ ಮೌಶಿ ಹೆಸರಿಗೆ ಆಗಬೇಕಿತ್ತು. ಕಾಗದಪತ್ರ ಎಲ್ಲಾ ಕೊಟ್ಟಾಗ್ಯದ, ಆದ್ರ ಇನ್ನೂ ಒಂದು ರೂಪಾಯಿ ಬಂದಿಲ್ಲ. ‘ಬ್ಯಾಂಕಿಗೆ ಒಂದು ಅರ್ಜಿ ಬರೀರಿ ಅಜ್ಜಿ, ಇಂಗ್ಲೀಷಿನಾಗ ಬರೀರಿ, ನಮ್ಮ ಸಾಹೇಬರಿಗೆ ಕನ್ನಡ ಬರೂದಿಲ್ಲ’ ಅಂತ ಕೌಂಟರಿನ ಹುಡುಗಿ ಹೇಳಿದ್ಲಂತ.

‘ಬರದಿ ಏನ ಮೌಶಿ?’ ಅಂತ ಕೇಳಿದೆ. ಮೌಶಿ ಏನೂ ಮಾತಾಡ್ಲಿಲ್ಲ. ಗ್ವಾಡಿಗೆ ತೂಗಹಾಕಿದ್ದ ಕ್ಯಾಲೆಂಡರಿನ ಹಿಂದಿನಿಂದ ಮಡಚಿದ ಕಾಗದ ಒಂದು ತಗದು ಕೊಟ್ಲು. ನೋಡಿದ್ರ ಎರಡು ತಿಂಗಳ ಹಿಂದಿನ ತಾರೀಖು!

‘ಇಷ್ಟು ದಿನ ಯಾಕ ಕೊಟ್ಟಿಲ್ಲ?’

‘ಮೊಮ್ಮಗ ಓದಿ ನಕ್ಕನವಾ. ಅಜ್ಜಿ, ಇದು ಬ್ರಿಟಿಷರ ಕಾಲದ ಇಂಗ್ಲೀಷು, ಓದಿದವರು ಹೊಟ್ಟಿ ಹಿಡಕೊಂಡು ನಗತಾರ ಅಂದ. ಆಮ್ಯಾಲೆ ಕೊಡಲಿಕ್ಕೆ ಮನಸೇ ಆಗ್ಲಿಲ್ಲ.’

ಕಾಗದ ಓದಿದೆ. ಮುತ್ತು ಪೋಣಿಸಿದಂಥ ಅಕ್ಷರ. ಸ್ಪೆಲ್ಲಿಂಗ್ ಒಂದೂ ತಪ್ಪಿಲ್ಲ. ‘ವಿತ್ ಡ್ಯೂ ರಿಸ್ಪೆಕ್ಟ್ ಆಂಡ್ ಹಂಬಲ್ ಸಬ್‌ಮಿಷನ್ ಐ ಬೆಗ್ ಟು ಸ್ಟೇಟ್’ ಅಂತ ಶುರುವಾಗಿ ‘ಪ್ಲೀಸ್ ಕೈಂಡ್ಲಿ ಡು ದ ನೀಡ್‌ಫುಲ್ ಆಂಡ್ ಆಬ್ಲೈಜ್’ ಅಂತ ಮುಗದಿತ್ತು. ನಡುವ ಒಂದು ಪುಟ ತುಂಬ ತನ್ನ ಕಷ್ಟ ಬರದಿದ್ಲು. ಆದ್ರ ಕಾಕಾನ ಪೆನ್ಶನ್ ನಂಬರ್ ಇಲ್ಲ, ಖಾತೆ ನಂಬರ್ ಇಲ್ಲ, ಯಾವ ತಿಂಗಳಿಂದ ರೊಕ್ಕ ಬಂದಿಲ್ಲ ಅನ್ನೂದಿಲ್ಲ. ಒಗ್ಗರಣಿ ಭರ್ಜರಿ ಆಗಿತ್ತು, ಬ್ಯಾಳಿ ಹಾಕೂದ ಮರತಿತ್ತು.

ಇದು ಮೌಶಿ ಒಬ್ಬಾಕೀ ಸುದ್ದಿ ಅಲ್ಲರಿ. ನಾವೆಲ್ಲಾ ಸಾಲ್ಯಾಗ ಲೀವ್ ಲೆಟರ್ ಬಾಯಿಪಾಠ ಮಾಡಿದವರು. ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ಸಫರಿಂಗ್ ಫ್ರಮ್ ಫೀವರ್. ಜ್ವರ ಬಂದ್ರೂ ಅದ, ಅಕ್ಕನ ಲಗ್ನ ಇದ್ರೂ ಅದ. ‘ಬೆಗ್’ ಅಂದ್ರ ಭಿಕ್ಷೆ ಬೇಡೂದು ಅಂತ ಯಾರೂ ಹೇಳಿಕೊಡ್ಲಿಲ್ಲ, ನಾವೂ ಕೇಳ್ಲಿಲ್ಲ. ಎರಡು ದಿನ ರಜಾ ಕೇಳಲಿಕ್ಕೆ ಭಿಕ್ಷೆ ಯಾಕ ಬೇಡಬೇಕು? ಆ ಮಾತು ಎಲ್ಲಿಂದ ಬಂತು? ಅವತ್ತಿನಿಂದ ಇದೇ ತಲಿಯಾಗ ಕೂತದ. ಗೊತ್ತಿದ್ದಷ್ಟನ್ನ ನಿಮ್ಮ ಮುಂದ ಇಡ್ತೀನಿ.

ಮೊದಲು ಒಂದು ಮಾತು. ದೊಡ್ಡವರ ಮುಂದ ಕಾಗದದಾಗ ಅಡ್ಡ ಬೀಳೂದನ್ನ ಇಂಗ್ಲೀಷರು ಬಂದು ನಮಗ ಕಲಿಸಿದ್ದಲ್ಲ. ನಮ್ಮ ‘ಬಿನ್ನಹ’ ಅಂದ್ರ ಸಂಸ್ಕೃತದ ವಿಜ್ಞಾಪನೆ. ‘ಅರ್ಜಿ’ ಅರಬ್ಬಿಯಿಂದ ಫಾರಸಿಗೆ ಬಂದು, ಅಲ್ಲಿಂದ ನಮ್ಮ ಬಾಯಿಗೆ ಬಂದದ್ದು. ನಮ್ಮ ಕಡೆ ಮಾಮಲೇದಾರರಿಗೆ ಬರೀಬೇಕಾದ್ರ ಹೆಸರಿನ ಹಿಂದ ‘ಮೆಹೆರಬಾನ್’ ಹಚ್ಚತಿದ್ರು. ದಯಾಳು ಅಂತ ಅದರ ಅರ್ಥ. ಮನಿ ಪತ್ರದಾಗೂ ಇದ್ದದ್ದೇ. ಅಜ್ಜನ ಟ್ರಂಕಿನಾಗಿನ ಕಾರ್ಡು ನೋಡಿದವರಿಗೆ ‘ಸಾ. ನ. ವಿ. ವಿ.’ ನೆನಪಿರಬೇಕು. ಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ. ಪೇಶವೆಯವರ ಆಳಿಕಿ, ಆಮ್ಯಾಲೆ ಮುಂಬಯಿ ಸರಕಾರ, ಹಿಂಗ ಮರಾಠಿ ಕಾರಕೂನರ ಕೈಯಿಂದ ನಮ್ಮ ಕನ್ನಡ ಪತ್ರಕ್ಕೂ ಅದು ಇಳದು ಬಂತು.

ಇನ್ನು ಮಜಾ ನೋಡ್ರಿ. ಇಂಗ್ಲೀಷಿನ ‘ಹಂಬಲ್’ ಶಬ್ದದ ಬೇರು ಲ್ಯಾಟಿನ್ನಿನ ‘ಹ್ಯೂಮಸ್’. ಹಂಗಂದ್ರ ನೆಲ, ಮಣ್ಣು. ಹಂಬಲ್ ಅಂದ್ರ ನೆಲಕ್ಕ ಹತ್ತಿದವ. ನಮ್ಮ ಸಾಷ್ಟಾಂಗದಾಗೂ ಮೈ ನೆಲಕ್ಕ ಹತ್ತತದ. ಎರಡು ದೇಶದ ಜನ ಒಬ್ಬರನ್ನೊಬ್ಬರು ನೋಡೂಕಿಂತ ಮೊದಲೇ ಒಂದೇ ನೆಲಕ್ಕ ಬಿದ್ದಿದ್ರು!

ಇಂಗ್ಲೆಂಡಿನಾಗ ಇದು ರಾಜರ, ಸರದಾರರ ಓಣಿಯ ಭಾಷಾ. ದೊಡ್ಡವರಿಂದ ಕೆಲಸ ಆಗಬೇಕಾದವರು ‘ನಿಮ್ಮ ವಿಧೇಯ ಸೇವಕ’ ಅಂತ ಸಹಿ ಹಾಕೂದು ರೂಢಿ. 18 ಮತ್ತು 19ನೇ ಶತಮಾನದಾಗ ಇದು ಎಷ್ಟು ಬೆಳೀತು ಅಂದ್ರ ಸರಿಸಮಾನರೂ ಬರೀತಿದ್ರು, ವೈರಿಗಳೂ ಬರೀತಿದ್ರು. ಅಮೆರಿಕಾದಾಗ 1804ರಾಗ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಉಪರಾಷ್ಟ್ರಪತಿ ಆರನ್ ಬರ್ ಅನ್ನೂ ಇಬ್ಬರ ನಡುವ ಜಗಳ ಹತ್ತಿತ್ತು. ಪತ್ರದ ಮ್ಯಾಲೆ ಪತ್ರ ಬರದು ಒಬ್ಬರನ್ನೊಬ್ಬರು ಕೆಣಕಿದ್ರು, ಕೆಳಗ ಇಬ್ಬರೂ ‘ನಿಮ್ಮ ವಿಧೇಯ ಸೇವಕ’ ಅಂತ ಸಹಿ ಹಾಕಿದ್ರು. ಜುಲೈ 11ಕ್ಕ ಪಿಸ್ತೂಲು ಹಿಡದು ಎದುರಾಬದುರು ನಿಂತ್ರು. ಹ್ಯಾಮಿಲ್ಟನ್‌ಗ ಗುಂಡು ಬಿತ್ತು, ಮರುದಿವಸ ಸತ್ತ. ಅಂಥಾ ಸೇವಕರು! ಮಾತಿನಾಗ ವಿನಯ ಹೆಚ್ಚಾದ ಕೂಡಲೇ ಮನಸಿನಾಗೂ ಹೆಚ್ಚಾತು ಅಂತ ತಿಳಕೋಬಾರದು.

ಇನ್ನ ‘ಪ್ಲೀಸ್’. ಈಗ ಎರಡು ವರ್ಷದ ಕೂಸಿಗೂ ಬರೂ ಈ ಶಬ್ದ ಮೊದಲು ಉದ್ದನ್ನ ಮಾತಿನ ಒಂದು ತುಂಡು. ‘ಇಫ್ ಇಟ್ ಪ್ಲೀಸ್ ಯು’, ಅಂದ್ರ ‘ನಿಮ್ಮ ಮನಸಿಗೆ ಬಂದ್ರ’. ಫ್ರೆಂಚರು ಇವತ್ತಿಗೂ ಪೂರಾ ಮಾತು ಹೇಳ್ತಾರ, ‘ಸಿಲ್ ವು ಪ್ಲೆ’ ಅಂತ. ಇಂಗ್ಲೀಷಿನಾಗ ಅದು ‘ಇಫ್ ಯು ಪ್ಲೀಸ್’ ಆತು, ಆಮ್ಯಾಲೆ ಬರೇ ‘ಪ್ಲೀಸ್’ ಉಳೀತು. ಶೇಕ್ಸ್‌ಪಿಯರನ ಕಾಲದಾಗ ಮಂದಿ ಹೆಚ್ಚು ಹೇಳ್ತಿದ್ದದ್ದು ‘ಐ ಪ್ರೇ ಯು’, ‘ಪ್ರಿದೀ’ ಅಂತ. ‘ನಿಮ್ಮನ್ನ ಪ್ರಾರ್ಥಿಸ್ತೀನಿ’ ಅಂಧಂಗ. ಎರಡರ ನಡುವ ಫರಕ್ ನೋಡ್ರಿ. ‘ಪ್ರೇ’ ಅಂದ್ರ ಕೇಳೂವ ಕೆಳಗ ಬಾಗತಾನ. ‘ಪ್ಲೀಸ್’ ಅಂದ್ರ ಕೇಳೂವ ನೆಟ್ಟಗ ನಿಂತಿರತಾನ, ಎದುರಿನವರಿಗೆ ಮಾತ್ರ ‘ಒಲ್ಲೆ’ ಅನ್ನಲಿಕ್ಕೆ ಜಾಗ ಬಿಡತಾನ. ನನಗ ಈ ಎರಡನೇದು ಭಾಳ ಸೇರತದ.

ಇಂಗ್ಲೀಷಿನವರಿಗೆ ಇಂಥಾ ಶಬ್ದ ಯಾಕ ಇಷ್ಟ ಬೇಕಾದುವು? ಅವರಿಗೂ ಮೊದಲು ನಮ್ಮಂಗ ನೀ ಮತ್ತು ನೀವು ಇದ್ದುವು. ‘ದೌ’ ಅಂದ್ರ ನೀ, ‘ಯು’ ಅಂದ್ರ ನೀವು. ಯಾರಿಗೆ ಏನನ್ನಬೇಕು ಅನ್ನೂದರ ಮ್ಯಾಲೆ ಜಗಳಾನೂ ಆಗತಿದ್ದುವು. 17ನೇ ಶತಮಾನದಾಗ ಕ್ವೇಕರ್ ಪಂಥದವರು, ದೇವರ ಮುಂದ ಎಲ್ಲಾರೂ ಒಂದೇ ಅಂತ ಹೇಳಿ, ಸರದಾರರಿಗೂ ‘ದೌ’ ಅಂದ್ರು, ನ್ಯಾಯಾಧೀಶರ ಮುಂದೂ ಟೊಪ್ಪಿಗಿ ತಗೀಲಿಲ್ಲ. ಅವರ ಗುರು ಜಾರ್ಜ್ ಫಾಕ್ಸ್ ಜೇಲು ಕಂಡ. ಅದೇ ಶತಮಾನದಾಗ ಉಳಿದ ಜನರ ಬಾಯಾಗಿಂದ ‘ದೌ’ ಮೆಲ್ಲಕ ಹೋಗಿಬಿಟ್ಟಿತು. ಮಗನಿಗೂ ‘ಯು’, ರಾಜನಿಗೂ ‘ಯು’. ಕ್ರಿಯಾಪದದಾಗೂ ಗೌರವ ತೋರಸೂ ದಾರಿ ಇಲ್ಲ. ಹಂಗಾಗಿ ಗೌರವ ಎಲ್ಲಾ ಪ್ಲೀಸ್, ಕುಡ್, ವುಡ್ ಇಂಥಾ ಸಣ್ಣ ಶಬ್ದದ ತಲಿ ಮ್ಯಾಲೆ ಬಿತ್ತು.

ನಮಗ ಆ ತ್ರಾಸ ಇಲ್ಲ. ‘ಕೊಡ್ರಿ’ ಅಂದ್ರ ಮುಗೀತು. ಆ ‘ರಿ’ಯಾಗ ಪ್ಲೀಸೂ ಅದ, ಸರ್ರೂ ಅದ, ಮ್ಯಾಡಮ್ಮೂ ಅದ. ಬಾಜಿಪಲ್ಲೆದವನಿಗೆ ‘ದಯವಿಟ್ಟು ಕೊತ್ತಂಬರಿ ಕೊಡಿ’ ಅಂತ ನಾವು ಎಂದರೆ ಅಂದೀವೇನು? ಅಂದ್ರ ಅವ ಗಾಬರಿ ಆಗತಾನ. ನಮ್ಮವರು ಇಂಗ್ಲೀಷ್ ಬರೀಬೇಕಾದ್ರ ಎಡವೂದು ಇಲ್ಲೇ. ಕೆಲವರು ‘ಕಳಸ್ರಿ’ ಅನ್ನೂದನ್ನ ಇಂಗ್ಲೀಷಿಗೆ ತಂದು ‘ಸೆಂಡ್ ದ ಫಾರ್ಮ್’ ಅಂತ ಬರೀತಾರ. ‘ರಿ’ ದಾರ್ಯಾಗ ಬಿದ್ದು ಹೋಗಿರತದ, ಓದಿದವರಿಗೆ ಹುಕುಮ್ ಮಾಡಿಧಂಗ ಆಗತದ. ಇನ್ನ ಕೆಲವರು ಬಿದ್ದ ‘ರಿ’ ತುಂಬಲಿಕ್ಕೆ ಪ್ಲೀಸು, ಕೈಂಡ್ಲಿ, ರಿಕ್ವೆಸ್ಟು, ಹಂಬಲ್ಲು ನಾಕೂ ಸುರವತಾರ. ಮೌಶಿ ಮಾಡಿದ್ದು ಅದನ್ನ.

‘ಕೈಂಡ್ಲಿ’ದೂ ಒಂದು ಛಂದ ಕಥಿ ಅದ. ಇಂಗ್ಲೀಷಿನಾಗ ‘ಕಿನ್’ ಅಂದ್ರ ಬಳಗ. ‘ಕೈಂಡ್’ ಅದರ ಒಡಹುಟ್ಟು. ಒಂದೇ ಕುಲದವರು ತಮ್ಮವರ ಜೋಡಿ ಹೆಂಗ ಸಹಜ ಇರತಾರೋ ಹಂಗ ಇರೂದು ಅಂತ ಇದ್ದ ಅರ್ಥ, ಮುಂದ ದಯಾ, ಕರುಣಾ ಅಂತ ಬೆಳೀತು. ‘ಕೈಂಡ್ಲಿ’ ಅಂದ್ರ ನಮ್ಮವರು ಅಂತ ತಿಳದು ಮಾಡ್ರಿ ಅಂದಂಗ. ಆದ್ರ ಶಬ್ದಕ್ಕೂ ವಯಸ್ಸಾಗತದ. ಈಗ ಇಂಗ್ಲೆಂಡಿನಾಗ ‘ವುಡ್ ಯು ಕೈಂಡ್ಲಿ’ ಅಂತ ಶುರುಮಾಡಿದ್ರ, ಸಿಟ್ಟು ನುಂಗಿಕೊಂಡು ಮಾತಾಡ್ತಾರ ಅನಸತದ. ನಮ್ಮಲ್ಲಿ ಮಾತ್ರ ಅದು ಹಳೇ ಅರ್ಥದಾಗ ಮೆತ್ತಗ ಉಳದದ. ಅದಕ್ಕ ಪರದೇಶದಾಗಿನ ಸೊಸಿ, ಮಗಳು ಆಫೀಸಿನಾಗ ‘ಕೈಂಡ್ಲಿ ರಿಪ್ಲೈ’ ಅಂತ ಬರದ್ರ, ಬರದಾಕಿಗೆ ವಿನಯ, ಓದಿದವರಿಗೆ ಗದರಿಕಿ!

‘ಡು ದ ನೀಡ್‌ಫುಲ್’ದೂ ಹಂಗ. ಅದನ್ನ ನಮ್ಮವರು ಹುಟ್ಟಿಸಿದ್ದಲ್ಲ. 18ನೇ ಶತಮಾನದ ಇಂಗ್ಲೀಷರೇ ಅದನ್ನ ಬಳಸತಿದ್ರು. ತಮ್ಮ ಹಡಗಿನಾಗ ತಂದು ಇಲ್ಲಿ ಇಳಿಸಿದ್ರು. ಅವರ ಮನ್ಯಾಗ ಅದು ಹಳತಾಗಿ ಅಟ್ಟ ಏರಿತು, ನಮ್ಮ ಮನ್ಯಾಗ ಇನ್ನೂ ದಿನಾ ಬಳಕಿಗದ. ನಮ್ಮ ಮಾತನ್ನ ಕೇಳಿ ಅವರು ನಕ್ಕರ, ತಮ್ಮ ಮುತ್ತಜ್ಜನ ಮಾತಿಗೇ ನಕ್ಕಂಗ.

ಹಂಗಾರ ಇಷ್ಟೆಲ್ಲಾ ನಮ್ಮ ಕೈಗೆ ಹೆಂಗ ಬಂತು? ಪತ್ರ ಬರಿಯೂದನ್ನ ಕಲಿಸೂ ಪುಸ್ತಕಗಳಿಂದ, ಮತ್ತ ನೌಕರಿ ಆಶಾದಿಂದ. ಲಂಡನ್ನಿನಾಗ ಸಾಮ್ಯುಯೆಲ್ ರಿಚರ್ಡ್‌ಸನ್ ಅನ್ನೂ ಮುದ್ರಕ ಇದ್ದ. ಸಣ್ಣ ಹುಡುಗ ಇದ್ದಾಗ ಓಣಿಯ ಹುಡುಗ್ಯಾರು ತಮ್ಮ ಪ್ರೇಮಪತ್ರಕ್ಕ ಉತ್ತರ ಬರಸಲಿಕ್ಕೆ ಇವನ ಹತ್ರ ಬರತಿದ್ರಂತ. ಒಬ್ಬಾಕೀ ಗುಟ್ಟು ಇನ್ನೊಬ್ಬಾಕಿಗೆ ಹೇಳ್ತಿದ್ದಿಲ್ಲ. ದೊಡ್ಡವ ಆದಮ್ಯಾಲೆ, ಬರೀಲಿಕ್ಕೆ ಬರಲಾರದ ಸಾಮಾನ್ಯ ಜನರ ಸಲುವಾಗಿ ಮಾದರಿ ಪತ್ರಗಳ ಪುಸ್ತಕ ಮಾಡಿದ. ಅದು 1741ರಾಗ ಅಚ್ಚಾತು. ಅದನ್ನ ಬರೀತಾ ಬರೀತಾ ಒಬ್ಬ ಮನಿಗೆಲಸದ ಹುಡುಗಿಯ ಪತ್ರ ಅವನ ಮನಸಿನಾಗ ಬೆಳದು ‘ಪಮೇಲಾ’ ಅನ್ನೂ ಕಾದಂಬರಿ ಆತು, ಮಾದರಿ ಪುಸ್ತಕಕ್ಕಿಂತ ಮೊದಲೇ 1740ರಾಗ ಹೊರಗೂ ಬಂತು. ಇಂಥಾ ಮಾದರಿ ಪುಸ್ತಕ ಮುಂದ ನಮ್ಮ ದೇಶದಾಗೂ ಮನಿಮನಿ ಹೊಕ್ಕವು.

ಇತ್ತ ನಮ್ಮಲ್ಲಿ 1835ರಾಗ ಮೆಕಾಲೆ ಇಂಗ್ಲೀಷ್ ಶಿಕ್ಷಣದ ಸಲುವಾಗಿ ತನ್ನ ಟಿಪ್ಪಣಿ ಬರದ. 1844ರಾಗ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲೀಷ್ ಕಲತವರಿಗೆ ಸರಕಾರಿ ನೌಕರಿಯಾಗ ಮೊದಲ ಮಾನ ಅಂತ ಠರಾವು ಹೊರಡಿಸಿದ. ಅವತ್ತಿನಿಂದ ಒಂದು ಅರ್ಜಿ ಅಂದ್ರ ಒಂದು ಕುಟುಂಬದ ಅನ್ನ. ಅರ್ಜಿಯಾಗ ವಿನಯ ಕಮ್ಮಿ ಆಗಿ ಸಾಹೇಬನ ಮಾರಿ ಕೆಟ್ಟಿತು ಅಂದ್ರ ಮನ್ಯಾಗ ಒಲಿ ಹತ್ತಂಗಿಲ್ಲ. ಹಂಗಾಗಿ ಒಂದಿದ್ದಲ್ಲಿ ಮೂರು ವಿನಯ ಹಾಕಿದ್ರು. ಅದು ಹುಚ್ಚುತನ ಅಲ್ಲ, ಅಂಜಿಕಿ. ಆ ಅಂಜಿಕಿ ನೋಡಿ ಸಾಹೇಬರು ಮರುಗಲಿಲ್ಲ, ನಕ್ಕರು. 1891ರಾಗ ಆರ್ನಲ್ಡ್ ರೈಟ್ ಅನ್ನವ ‘ಬಾಬೂ ಇಂಗ್ಲೀಷ್’ ಅಂತ ನಮ್ಮವರು ಬರದ ಇಂಗ್ಲೀಷಿನ ಪರಿಹಾಸ ಮಾಡೂ ಪುಸ್ತಕನೇ ಹೊರಗ ತಂದ. ಬಾಗಲಿಕ್ಕೆ ಹಚ್ಚಿದವರು ಅವರೇ, ಬಾಗಿದ್ದಕ್ಕ ನಕ್ಕವರೂ ಅವರೇ. ನಮ್ಮ ಹುಡುಗನ ನಗಿಯಾಗ ಆ ನಗಿ ಒಂದಿಷ್ಟು ಬೆರತದ ಅಂತ ನನಗ ಅನಸ್ತು. ಅವನಿಗೆ ಗೊತ್ತಿಲ್ಲ, ಪಾಪ.

ಆದ್ರ ಅದೇ ಕಾಲದಾಗ, ನಮ್ಮದೇ ಮುಂಬಯಿ ಪ್ರಾಂತದಾಗ, ಒಬ್ಬ ಹುಡುಗಿ ಬ್ಯಾರೆ ತರಹ ಬರದ್ಲು. ಆನಂದಿಬಾಯಿ ಜೋಶಿ. ಒಂಬತ್ತನೇ ವರ್ಷಕ್ಕ ಲಗ್ನ. ಹದಿನಾಲ್ಕಕ್ಕ ಹಡದ ಕೂಸು ಹತ್ತು ದಿನಕ್ಕ ಹೋತು. ಗಂಡ ಗೋಪಾಳರಾವ್ ಅಂಚೆ ಖಾತೆಯಾಗ ಕಾರಕೂನ. ಹೆಂಡತಿಗೆ ಹಟ ಹಿಡದು ಓದಿಸಿದ. ಅಮೆರಿಕಾದ ಮಿಶನರಿ ಒಬ್ಬರಿಗೆ ಅವ ಬರದ ಪತ್ರ ಒಂದು ಅಲ್ಲಿಯ ಪತ್ರಿಕೆಯಾಗ ಅಚ್ಚಾತು. ಹಲ್ಲಿನ ಡಾಕ್ಟರ ಹತ್ರ ಪಾಳಿ ಕಾಯ್ಕೋತ ಕೂತ ಥಿಯೊಡೀಷಿಯಾ ಕಾರ್ಪೆಂಟರ್ ಅನ್ನೂ ಗೃಹಿಣಿ ಅದನ್ನ ಓದಿದ್ಲು, ಪತ್ರ ಬರದ್ಲು. ಆನಂದಿಬಾಯಿ ಆಕಿಗೆ ‘ಆಂಟ್’ ಅಂತ ಕರದು ಬರಕೋತ ಹೋದ್ಲು. 1883ರಾಗ ಹಡಗು ಹತ್ತಿ ಆಕಿ ಮನಿಗೇ ಹೋದ್ಲು.

ಅಲ್ಲಿಂದ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೀಟು ಬೇಡಿ ಅರ್ಜಿ ಬರದ್ಲು. ವಯಸ್ಸು ಹದಿನೆಂಟು. ಆ ಅರ್ಜಿಯಾಗ ವಿನಯ ಅದ. ನಿಮ್ಮ ನಿಯಮ ಎಲ್ಲಾ ನನಗ ಹೊಂದಲಿಕ್ಕಿಲ್ಲ, ನನ್ನ ಸಂಗತಿ ಬ್ಯಾರೆ ಅದ, ದಯಾ ತೋರಸತೀರಿ ಅಂತ ನಂಬೀನಿ ಅಂತಾಳ. ಇಷ್ಟ. ಒಂದೇ ಸಲ. ಮುಂದ ನೆಟ್ಟಗ ವಿಷಯಕ್ಕ ಬರತಾಳ. ತನ್ನ ಆರೋಗ್ಯ ಛಲೋ ಅದ, ಬಳಗ ಮತ್ತ ಜಾತಿಯವರ ವಿರೋಧ ಕಟ್ಟಿಕೊಂಡು ಬಂದ ಹಟ ತನಗದ, ಗಂಡಸು ಡಾಕ್ಟರ ಹತ್ರ ತೋರಿಸೂಕಿಂತ ಸಾಯೂದ ವಾಸಿ ಅನ್ನೂ ತನ್ನ ದೇಶದ ಹೆಣ್ಣುಮಕ್ಕಳಿಗೆ ಔಷಧ ಮಾಡೂದು ತನ್ನ ಉದ್ದೇಶ ಅಂತ ಹೇಳ್ತಾಳ. ತಾನು ಯಾರು, ಏನು ಬೇಕು, ಯಾಕ ಬೇಕು, ಎಲ್ಲಾ ಅದರಾಗ ಅದ. ಕಾಲೇಜಿನವರು ಸೇರಿಸಿಕೊಂಡ್ರು. 1886ರಾಗ ಆಕಿ ಡಾಕ್ಟರ್ ಆದ್ಲು. ಮರುವರ್ಷ ಫೆಬ್ರವರಿಯಾಗ, ಇಪ್ಪತ್ತೆರಡು ತುಂಬೂಕಿಂತ ಮೊದಲು, ಪುಣೆದಾಗ ತೀರಿಕೊಂಡ್ಲು. ಆಯುಷ್ಯ ಕಮ್ಮಿ ಆತು. ಆದ್ರ ಬೇಡೂದು ಬ್ಯಾರೆ, ಕೇಳೂದು ಬ್ಯಾರೆ ಅನ್ನೂದನ್ನ ಆಕಿ ತೋರಿಸಿ ಹೋದ್ಲು.

ಕಡೀಕ ಇಂಗ್ಲೆಂಡಿನವರಿಗೇ ತಮ್ಮ ಕಚೇರಿ ಭಾಷಾ ಸಾಕಾತು. 1948ರಾಗ ಅವರ ಹಣಕಾಸು ಇಲಾಖೆ, ಸರ್ ಅರ್ನೆಸ್ಟ್ ಗವರ್ಸ್ ಅನ್ನೂ ಹಿರೇ ಅಧಿಕಾರಿ ಕಡೆಯಿಂದ ‘ಪ್ಲೇನ್ ವರ್ಡ್ಸ್’ ಅಂತ ಪುಸ್ತಕ ಬರಸಿತು. ಜನರಿಗೆ ತಿಳಿಯೂ ಹಂಗ ಸೀದಾ ಬರೀರಿ ಅಂತ ನೌಕರರಿಗೆ ಕಲಿಸೂ ಪುಸ್ತಕ. ನಮಗ ಸ್ವಾತಂತ್ರ್ಯ ಬಂದು ಆಗಿನ್ನೂ ಒಂದು ವರ್ಷ. ಅವರು ಹಳೇ ಅಂಗಿ ಬಿಚ್ಚಲಿಕ್ಕೆ ಹತ್ತಿದ್ರು, ನಾವು ಅದನ್ನ ತೊಳದು ಇಸ್ತ್ರಿ ಮಾಡಿ ಹಾಕ್ಕೊಂಡು ಹೊಂಟ್ವಿ.

ಇದನ್ನೆಲ್ಲಾ ಹೇಳಿದ್ದು ಮೌಶಿಗೆ. ಆಕಿ ಚಹಾ ಸೋಸಿಕೋತ ಕೇಳಿದ್ಲು. ಆಮ್ಯಾಲೆ ಒಂದು ಪ್ರಶ್ನೆ ಹಾಕಿದ್ಲು. ‘ಎಲ್ಲಾ ತಗದುಹಾಕಿದ್ರ ಉದ್ಧಟತನ ಅನಸೂದಿಲ್ಲೇನವಾ? ನಾ ಏನು ಅವರಿಗೆ ಸಾಲ ಕೊಟ್ಟೀನೇನು?’

‘ಮೌಶಿ, ಆ ಪೆನ್ಶನ್ ಕಾಕಾ ಮೂವತ್ತು ವರ್ಷ ಸಾಲ್ಯಾಗ ಖಡು ಹಿಡದು ಗಳಿಸಿದ್ದು. ನಿನ್ನ ಹಕ್ಕದು. ಹಕ್ಕನ್ನ ಸೌಜನ್ಯದಿಂದ ಕೇಳಬೇಕು, ಖರೇ. ಭಿಕ್ಷೆ ಬೇಡಬೇಕಾಗಿಲ್ಲ’ ಅಂದೆ.

ಕೂತು ಹೊಸಾದು ಬರದ್ವಿ. ನಾವು ಪಾಲಿಸಿದ ನಾಕು ಮಾತು ನಿಮಗೂ ಉಪಯೋಗಕ್ಕ ಬರಬಹುದು.

ಒಂದನೇದು, ಒಂದು ವಾಕ್ಯಕ್ಕ ವಿನಯದ ಶಬ್ದ ಒಂದೇ. ಪ್ಲೀಸ್ ಹಾಕಿದ್ರ ಕೈಂಡ್ಲಿ ಬ್ಯಾಡ. ಕೈಂಡ್ಲಿ ಹಾಕಿದ್ರ ರಿಕ್ವೆಸ್ಟ್ ಬ್ಯಾಡ.

ಎರಡನೇದು, ‘ಪ್ಲೀಸ್ ಸೆಂಡ್’ ಅಂದ್ರ ಸೌಜನ್ಯದ ಸೂಚನೆ, ‘ಕುಡ್ ಯು ಪ್ಲೀಸ್ ಸೆಂಡ್’ ಅಂದ್ರ ವಿನಂತಿ. ಗುರುತಿಲ್ಲದವರಿಗೆ ಬರೀಬೇಕಾದ್ರ ಎರಡನೇದು ಛಲೋ. ಈ ‘ಕುಡ್’ ಭೂತಕಾಲ ಅಲ್ಲ, ಅದು ‘ಆದೀತೇನ್ರಿ’ ಅಂಧಂಗ. ಇನ್ನೂ ಮರ್ಯಾದಿ ಬೇಕಂದ್ರ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್’ ಅನ್ರಿ.

ಮೂರನೇದು, ‘ನೀಡ್‌ಫುಲ್’ ಅನ್ನೂ ಜಾಗಾದಾಗ ಆ ಕೆಲಸದ ಹೆಸರು ಬರೀರಿ. ಏನು ಮಾಡಬೇಕು ಅಂತ ಓದಿದವರು ಹುಡುಕಬಾರದು.

ನಾಕನೇದು, ನಂಬರು, ತಾರೀಖು, ಹೆಸರು ಮ್ಯಾಲೇ ಇರಲಿ. ಕಷ್ಟದ ಮಾತು ಒಂದು ಸಾಲು ಸಾಕು.

ಮೌಶಿಯ ಹೊಸಾ ಅರ್ಜಿ ಏಳು ಸಾಲು ಆತು. ಕಾಕಾನ ಹೆಸರು ಮತ್ತ ಪೆನ್ಶನ್ ನಂಬರು, ತೀರಿಕೊಂಡ ತಾರೀಖು, ಕಾಗದ ಕೊಟ್ಟ ದಿನ, ಖಾತೆ ನಂಬರು, ಎಷ್ಟು ತಿಂಗಳಿಂದ ರೊಕ್ಕ ಬಂದಿಲ್ಲ, ಬಾಕಿ ಸಹಿತ ಜಮಾ ಮಾಡ್ರಿ, ಇನ್ನೇನರೆ ಕಾಗದ ಬೇಕಾದ್ರ ಬರದು ತಿಳಸ್ರಿ. ‘ಹಂಬಲ್’ ಹೋತು, ‘ಬೆಗ್’ ಹೋತು. ‘ಕೈಂಡ್ಲಿ’ ಒಂದನ್ನ ಮಾತ್ರ ಮೌಶಿ ಬಿಡ್ಲಿಲ್ಲ. ‘ಬಳಗದ ಶಬ್ದ ಅಂದಿಯಲ್ಲ, ಅದೊಂದು ಇರಲಿ. ಓದೂವರು ಇಲ್ಲೇ ಇದ್ದವರು, ಅವರಿಗೆ ಗದರಿಕಿ ಅನಸೂದಿಲ್ಲ’ ಅಂದ್ಲು. ಹಂಗಾಗಿ ‘ಪ್ಲೀಸ್’ ತಗದ್ವಿ.

ನಿನ್ನೆ ಬ್ಯಾಂಕಿನಿಂದ ಉತ್ತರ ಬಂದದ. ರೊಕ್ಕ ಇನ್ನೂ ಇಲ್ಲ, ಒಂದು ಫಾರ್ಮಿನ ಮ್ಯಾಲೆ ಸಹಿ ಬಿಟ್ಟಿತ್ತಂತ, ಬಂದು ಹಾಕ್ರಿ ಅಂದಾರ. ಆರು ತಿಂಗಳು ಕಾದ ಕೆಲಸ ಒಂದು ಸಹಿಗೆ ನಿಂತಿತ್ತು, ಹೇಳಿದವರಿಲ್ಲ, ಕೇಳಿದವರೂ ಇಲ್ಲ. ಸೋಮವಾರ ನಾವಿಬ್ಬರೂ ಹೋಗತೀವಿ. ಹಳೇ ಅರ್ಜಿಯನ್ನ ಹರದು ಒಗೀತಾಳೇನೋ ಅಂದುಕೊಂಡಿದ್ದೆ. ಇಲ್ಲ, ಮಡಚಿ ಮತ್ತ ಕ್ಯಾಲೆಂಡರಿನ ಹಿಂದ ಇಟ್ಲು. ‘ನನ್ನ ಅಕ್ಷರ ಅದರಾಗ ಛಲೋ ಬಂದಾವ’ ಅಂದ್ಲು.

ನಿಮ್ಮ ಮನ್ಯಾಗೂ ಇಂಥಾ ಕೊಡಲಾರದ ಅರ್ಜಿ ಯಾರರೆ ಇಟ್ಟಿದ್ರ ಹೊರಗ ತಗೀರಿ. ನಗಬ್ಯಾಡ್ರಿ. ಕೂತು ಏಳು ಸಾಲಿಗೆ ಇಳಸ್ರಿ.